ಜೀನುಕಂದಿನ ಮೂಲಪಾಠ: 1965ರ ಕಾರ್ವೆಟ್ ಒಳಬಣ್ಣದ ಗ್ರಂಥಸಂಪಾದನೆ

ಮೊದಲನೆಯ ಅಧ್ಯಾಯ: ಪ್ರಸ್ತಾವನೆ

ಹುಳು ತಿಂದ ತಾಳೆಗರಿಯ ಒಂದು ಅಕ್ಷರಕ್ಕಾಗಿ ನಮ್ಮ ವಿದ್ವಾಂಸರು ಕಣ್ಣು ಮಸುಕಾಗುವವರೆಗೆ ಕೂತದ್ದುಂಟು. ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯ ವಿಧಿವಿಧಾನಗಳಿಗೆಂದೇ ಒಂದು ಪುಸ್ತಕ ಬರೆದಿಟ್ಟರು. ಪಾಠ, ಪಾಠಾಂತರ, ಪ್ರಕ್ಷಿಪ್ತ ಎಂದರೇನೆಂದು ಕನ್ನಡ ಎಂ.ಎ. ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹೀಗಿದ್ದೂ, 1965ರ ಮಾದರಿಯ ಷೆವರ್ಲೆ ಕಾರ್ವೆಟ್‌ನ ಮುಂಗಾಜಿನ ಒಳಪಟ್ಟಿಗೆ ಕಾರ್ಖಾನೆಯವರು ಹೊಡೆದ ಕಂದು ಬಣ್ಣ ನಿಜಕ್ಕೂ ಎಷ್ಟು ಕಂದು, ಅದರ ಹೊಳಪು ಎಷ್ಟು ಎಂಬ ಪ್ರಶ್ನೆಯ ಮೇಲೆ ನಾಡಿನ ಒಂದು ವಿಶ್ವವಿದ್ಯಾಲಯವೂ ಎರಡು ದಿನದ ವಿಚಾರಸಂಕಿರಣ ಏರ್ಪಡಿಸಿಲ್ಲ. ಹೋಳಿಗೆ ಊಟವಿಲ್ಲದ ಒಂದು ದಿನದ್ದನ್ನೂ ಏರ್ಪಡಿಸಿಲ್ಲ. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಕಂಪನಿ ಈ ಬಣ್ಣವನ್ನು ಸ್ಯಾಡಲ್ ಎಂದು ಕರೆಯಿತು. ಕುದುರೆಯ ಜೀನಿನ ಬಣ್ಣ ಎಂದರ್ಥ. ಯಾವ ಊರಿನ ಕುದುರೆ, ಜೀನು ಹೊಸದೋ ಸವೆದದ್ದೋ ಎಂಬುದನ್ನು ಕಂಪನಿ ತಿಳಿಸದೆ ಹೋದದ್ದರಿಂದ ಶಾಸ್ತ್ರಕ್ಕೆ ಜಾಗ ಸಿಕ್ಕಿತು.

ಇದರಿಂದ ಏನು ಪ್ರಯೋಜನ ಎಂದು ಕೇಳುವ ಲೌಕಿಕರಿಗೆ ಒಂದು ಮಾತು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಹಳೆಯ ಕಾರ್ವೆಟ್‌ಗಳನ್ನು 4500 ಅಂಕಗಳಿಗೆ ಪರೀಕ್ಷೆ ಮಾಡುತ್ತದೆ. ಮೇಲಿನ ದರ್ಜೆಗೆ ನೂರಕ್ಕೆ 94 ಬೇಕು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ತೆಗೆದವರ ಮನೆಯ ಮುಂದೆ ಫ್ಲೆಕ್ಸ್ ಕಟ್ಟುತ್ತಾರೆ. ಅಲ್ಲಿ ಕಾರು ಚೆನ್ನಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಿದೆಯೇ ಎಂದಷ್ಟೇ ಕೇಳುತ್ತಾರೆ. ಹೇಗಿತ್ತು ಮತ್ತು ಹೇಗಿರಬೇಕಿತ್ತು ಎಂಬೆರಡರ ನಡುವಿನ ಕಂದಕದಲ್ಲಿ ಎಷ್ಟೋ ಜನ ಗೃಹಸ್ಥರ ಉಳಿತಾಯ ಖಾತೆಗಳು ಬಿದ್ದಿವೆ.

ಎರಡನೆಯ ಅಧ್ಯಾಯ: ಆಕರಗಳು

ಮೊದಲ ಆಕರ ಲೋಹಶಾಸನ. ಗ್ಲೋವ್ ಬಾಕ್ಸಿನ ಕೆಳಗಿನ ಅಡ್ಡಪಟ್ಟಿಗೆ ರಿವೆಟ್ ಹೊಡೆದು ಕೂರಿಸಿದ ಒಂದು ಚಿಕ್ಕ ತಗಡು. ಓದಬೇಕಾದರೆ ನೆಲಕ್ಕೆ ಮೊಣಕಾಲೂರಿ, ಕುತ್ತಿಗೆ ತಿರುಚಿ, ಒಂದು ಕಣ್ಣು ಮುಚ್ಚಬೇಕು. ಶಾಸನ ಓದುವವರಿಗೆ ಈ ಭಂಗಿ ಹೊಸದಲ್ಲ. ಹೊರಬಣ್ಣದ ಸಂಖ್ಯೆ, ಒಳಾಂಗಣದ ಸಂಖ್ಯೆ, ಬಾಡಿ ತಯಾರಾದ ದಿನ ಅದರಲ್ಲಿವೆ. ತಿಂಗಳಿಗೊಂದು ಅಕ್ಷರ, ತಾರೀಖಿಗೆ ಅಂಕಿ. ಅಂದರೆ ಪಂಚಾಂಗ ತೆರೆದರೆ ಅದು ಸೋಮವಾರವೋ ಶುಕ್ರವಾರವೋ ಎಂಬುದೂ ಗೊತ್ತಾಗುತ್ತದೆ. ಈ ಸಂಗತಿ ಆರನೆಯ ಅಧ್ಯಾಯದಲ್ಲಿ ಬೇಕಾಗುತ್ತದೆ, ಓದುಗರು ನೆನಪಿಡತಕ್ಕದ್ದು.

ಆದರೆ ಶಾಸನವೆಂದ ಮೇಲೆ ಕೂಟಶಾಸನವೂ ಇದ್ದದ್ದೇ. ಗಂಗರ ತಾಮ್ರಪಟಗಳಲ್ಲಿ ಅನೇಕವು ಖೋಟಾ ಎಂದು ಶಾಸನತಜ್ಞ ಫ್ಲೀಟ್ ಹೇಳಿದರೆ, ಬಿ. ಎಲ್. ರೈಸ್ ಒಪ್ಪಲಿಲ್ಲ, ಆ ಜಗಳ ವರ್ಷಗಟ್ಟಲೆ ನಡೆಯಿತು. ಕಾರಿನ ತಗಡುಗಳನ್ನೂ ಈಗ ಹೊಸದಾಗಿ ಅಚ್ಚೊತ್ತುತ್ತಾರೆ. ಕಪ್ಪು ಒಳಾಂಗಣದ ಕಾರು ತಗಡೊಂದನ್ನು ಬದಲಿಸಿಕೊಂಡು ಜೀನುಕಂದಿನ ವಂಶಾವಳಿಗೆ ಸೇರಿದ್ದುಂಟು. ಫ್ಲೀಟ್ ಸಾಹೇಬರು ಇಂದು ಬದುಕಿದ್ದರೆ ರಿವೆಟ್ಟಿನ ತಲೆ ನೋಡಿ ತೀರ್ಪು ಕೊಡುತ್ತಿದ್ದರು.

ಇನ್ನೊಂದು ತೊಡಕು. 1964ರಿಂದ ಕಾರ್ವೆಟ್‌ನ ಬಾಡಿಗಳೆಲ್ಲ ಸೇಂಟ್ ಲೂಯಿಸ್‌ನಲ್ಲೇ ತಯಾರಾಗಲಿಲ್ಲ. ಒಂದು ಪಾಲು ಮಿಷಿಗನ್ನಿನ ಅಯೋನಿಯಾದಲ್ಲಿ ಎ. ಓ. ಸ್ಮಿತ್ ಕಂಪನಿಯ ಕೈಯಲ್ಲಿ ಬಣ್ಣ ಬಳಿಸಿಕೊಂಡು, ಒಳಾಂಗಣ ತೊಡಿಸಿಕೊಂಡು ರೈಲು ಹತ್ತಿ ಬಂತು. ತಗಡಿನ ಮೇಲೆ ‘ಎಸ್’ ಇದ್ದರೆ ಸೇಂಟ್ ಲೂಯಿಸ್, ‘ಎ’ ಇದ್ದರೆ ಸ್ಮಿತ್. ಗ್ರಂಥಸಂಪಾದನೆ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಎರಡು ಪ್ರತಿಪರಂಪರೆಗಳು! ಎರಡು ಊರು, ಎರಡು ಸ್ಪ್ರೇ ಗನ್ನು, ಎರಡು ಕೈ. ‘ಎಸ್’ ಪ್ರತಿಯ ಪಾಠವನ್ನು ‘ಎ’ ಪ್ರತಿಗೆ ಬಳಿದವನು ಕುಮಾರವ್ಯಾಸನ ಪದ್ಯವನ್ನು ಲಕ್ಷ್ಮೀಶನೊಳಗೆ ಸೇರಿಸಿದವನಷ್ಟೇ ಅಪರಾಧಿ.

ಎರಡನೆಯ ಆಕರ, ಬಿಸಿಲು ಕಾಣದ ಮೂಲೆಗಳು. ರಬ್ಬರ್ ಬೀಡಿಂಗಿನ ಅಡಿ, ಸ್ಕ್ರೂ ತಲೆಯ ಕೆಳಗಿನ ಉಂಗುರದಷ್ಟು ಜಾಗ, ಪಟ್ಟಿಯ ಹಿಂಬದಿ. ಅಲ್ಲಿ ಬಣ್ಣ ಮಾಸಿರುವುದಿಲ್ಲ. ಉಳಿದ ಕಡೆ ಪದರಗಳನ್ನು ಬಿಡಿಸಬೇಕು. ನಯವಾದ ವಾಟರ್ ಪೇಪರನ್ನು ಒಂದೇ ಕಡೆ ಸುತ್ತಾಡಿಸಿದರೆ ಒಂದರೊಳಗೊಂದು ವರ್ತುಲಗಳಾಗಿ ಕಾಲಮಾನಗಳು ತೆರೆದುಕೊಳ್ಳುತ್ತವೆ: ಹೊರಗಡೆ ಮೊನ್ನೆಯ ಮಾಲೀಕನ ಕಪ್ಪು, ಅದರೊಳಗೆ ಇನ್ಯಾರದೋ ಹುಮ್ಮಸ್ಸಿನ ಬೆಳ್ಳಿಬಣ್ಣ, ನಡುವೆ ಮೂಲ. ಸಂಶಯವಿದ್ದರೆ ತಿನ್ನರ್ ಅದ್ದಿದ ಹತ್ತಿಯಿಂದ ಒರೆಸಬೇಕು. ಆ ಕಾಲದ ಅಕ್ರಿಲಿಕ್ ಲ್ಯಾಕರ್ ಬರೀ ದ್ರಾವಕ ಆರಿ ಗಟ್ಟಿಯಾದದ್ದು. ಮತ್ತೆ ತಿನ್ನರ್ ಸೋಕಿದರೆ ಕರಗಿ ಹತ್ತಿಗೆ ಬರುತ್ತದೆ. ಹಾರ್ಡನರ್ ಬೆರೆಸಿದ ಈ ಕಾಲದ ಬಣ್ಣ ಜಗ್ಗುವುದಿಲ್ಲ. ಕರಗಿದರೆ ಮೂಲ, ಕರಗದಿದ್ದರೆ ಪ್ರಕ್ಷಿಪ್ತ ಎಂಬುದು ಸ್ಥೂಲವಾದ ನಿಯಮ. ಪರೀಕ್ಷೆ ಮುಗಿಯುವ ಹೊತ್ತಿಗೆ ಮೂಲವೂ ಹತ್ತಿಯಲ್ಲೇ ಇರುತ್ತದೆ ಎಂಬುದು ಈ ವಿಧಾನದ ಒಂದೇ ಕುಂದು.

ಇಷ್ಟಾದರೂ ಕೈಗೆ ಸಿಕ್ಕಿದ ಕಂದಿನಲ್ಲಿ ಎಷ್ಟು ಪಾಲು ಕಾರ್ಖಾನೆಯದು, ಎಷ್ಟು ಪಾಲು ಸಿಗರೇಟಿನದು? 1965ರಲ್ಲಿ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ 42 ಮಂದಿ ಸೇದುತ್ತಿದ್ದರು. ಎರಡೇ ಸೀಟಿನ ಕಾರು. ಗಾಜು ಏರಿಸಿದರೆ ಹೊಗೆಗೆ ಬೇರೆ ದಾರಿ ಎಲ್ಲಿದೆ? ಜೀನುಕಂದು ಎಂದು ಕೊಂಡಾಡುವ ಕೆಲವು ಪಾಠಗಳು ಬರೀ ತಂಬಾಕಿನ ಟಾರು ಎಂಬ ಅನುಮಾನವನ್ನು ನಾವು ವಿನಯಪೂರ್ವಕವಾಗಿ ಮುಂದಿಡುತ್ತೇವೆ.

ಮೂರನೆಯ ಆಕರ, ಕಂಪನಿಯ ಬಣ್ಣಬಣ್ಣದ ಜಾಹೀರಾತು ಪುಸ್ತಿಕೆಗಳು. ಇವು ಚಂಪೂಕಾವ್ಯಗಳು. ವರ್ಣನೆಗೆ ಓದಬಹುದು, ಸಾಕ್ಷ್ಯಕ್ಕೆ ಬಾರವು.

ಮೂರನೆಯ ಅಧ್ಯಾಯ: ಸೀಟುಗಳು

ವಿನೈಲ್ ಸೀಟಿನ ಮೇಲೆ ಕಾರ್ಖಾನೆಯವರು ಗನ್ ಹಿಡಿದು ಬಣ್ಣ ಹೊಡೆಯಲಿಲ್ಲ. ಆದ್ದರಿಂದ ಈ ಅಧ್ಯಾಯ ಇಲ್ಲಿಗೆ ಮುಗಿಯಿತು.

ನಾಲ್ಕನೆಯ ಅಧ್ಯಾಯ: ಪಂಥಗಳು

ಒಳಬಣ್ಣದ ವಿದ್ವಾಂಸರಲ್ಲಿ ಮೂರು ಮತಗಳಿವೆ. ಮೊದಲನೆಯವರು ಹಳೆಡಬ್ಬಿ ಪಂಥದವರು. ಅಂದಿನ ಬಣ್ಣ ಅಂದಿನ ಡಬ್ಬಿಯಲ್ಲೇ ಇದೆ ಎಂಬುದು ಇವರ ಆಗಮಪ್ರಮಾಣ. ಯಾರದೋ ಶೆಡ್ಡಿನಲ್ಲಿ ಅರ್ಧ ಶತಮಾನ ಕೂತ ತುಕ್ಕು ಹಿಡಿದ ಡಬ್ಬಿಗೆ ಹೊಸ ಡಬ್ಬಿಯ ಹತ್ತು ಪಟ್ಟು ಕೊಟ್ಟು ತಂದು, ಮುಚ್ಚಳ ಎಬ್ಬಿಸಿ, ಒಳಗಿನ ಹೆಪ್ಪನ್ನು ದರ್ಶನ ಮಾಡಿ ಮತ್ತೆ ಮುಚ್ಚುತ್ತಾರೆ. ಎರಡನೆಯವರು ಸ್ಮೃತಿವಾದಿಗಳು. “ನಮ್ಮ ಮಾವನ ಹತ್ತಿರ ಇಂಥದ್ದೇ ಇತ್ತು, ಹೀಗಿರಲಿಲ್ಲ” ಎಂಬುದು ಇವರ ಮೊದಲ ಸೂತ್ರ. ಎರಡನೆಯ ಸೂತ್ರ ಇನ್ನೂ ಸಿಕ್ಕಿಲ್ಲ.

ಮೂರನೆಯವರು ಯಂತ್ರವಾದಿಗಳು, ನಮ್ಮ ಕಾಲದ ನೈಯಾಯಿಕರು. ಸ್ಪೆಕ್ಟ್ರೋಫೋಟೋಮೀಟರನ್ನು ಬಣ್ಣದ ಮೇಲೆ ಒತ್ತಿ ಹಿಡಿಯುತ್ತಾರೆ. ಅದು ಮೂರು ಅಂಕಿ ಉಗುಳುತ್ತದೆ. ಅಂಗಡಿಯ ಕಂಪ್ಯೂಟರ್ ಆ ಅಂಕಿಗೆ ತಕ್ಕ ಮಿಶ್ರಣ ಹೇಳುತ್ತದೆ. ಇಷ್ಟು ಸುಲಭವಾದರೆ ಶಾಸ್ತ್ರ ಉಳಿಯುವುದು ಹೇಗೆ? ಅದಕ್ಕೆಂದೇ ನಿಸರ್ಗ ಮೆಟಾಮೆರಿಸಂ ಎಂಬ ಮಾಯೆಯನ್ನು ಇಟ್ಟಿದೆ. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣ ಒಂದು ಬೆಳಕಿನಲ್ಲಿ ಅವಳಿಯಂತೆ ಕಂಡು ಇನ್ನೊಂದರಲ್ಲಿ ಬೇರೆಯಾಗಬಹುದು. ಅಂದಿನ ವರ್ಣದ್ರವ್ಯಗಳಲ್ಲಿ ಕೆಲವು, ಅದರಲ್ಲೂ ಸೀಸದ ಹಳದಿಗಳು, ಇಂದು ಅಂಗಡಿಯ ಮಿಶ್ರಣಯಂತ್ರದಲ್ಲಿ ಇರುವುದಿಲ್ಲ. ಬೇರೆಯದರಿಂದ ಅದೇ ಕಂದನ್ನು ಕಟ್ಟಬೇಕು. ಶೆಡ್ಡಿನ ಟ್ಯೂಬ್‌ಲೈಟಿನಡಿ ಕಣ್ಣಿಗೆ ಸರಿಹೋದದ್ದು ಅಂಗಳಕ್ಕೆ ತಂದರೆ ಹಸಿರು ತಿರುಗುತ್ತದೆ, ಬಲ್ಬಿನಡಿ ಕೆಂಪಗಾಗುತ್ತದೆ. ಬೆಳಕಿನ ಪಂಡಿತರು ಹಗಲಿಗೊಂದು, 2856 ಕೆಲ್ವಿನ್ನಿನ ಬಲ್ಬಿಗೊಂದು ಪ್ರಮಾಣಬೆಳಕನ್ನು ನಿಗದಿ ಮಾಡಿದ್ದಾರೆ. ಸೊಸೈಟಿಯ ನಿರ್ಣಾಯಕರು ಮಾತ್ರ ತಮ್ಮ ಜೇಬಿನ ಟಾರ್ಚನ್ನೇ ತೆಗೆಯುತ್ತಾರೆ. ಆ ಟಾರ್ಚಿನ ಬೆಳಕಿಗೆ ಇನ್ನೂ ಯಾವ ಪೀಠವೂ ಪ್ರಮಾಣಪತ್ರ ಕೊಟ್ಟಿಲ್ಲ.

ಇದಕ್ಕೆ ಸೇರಿಸಿಕೊಳ್ಳಿ: ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸಿರುಗಳ ಭೇದ ಸರಿಯಾಗಿ ಕಾಣುವುದಿಲ್ಲ, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗಷ್ಟೇ. ಜೀನುಕಂದು ಕೆಂಪು ಹಸಿರುಗಳ ಗಡಿಯಲ್ಲೇ ಗುಡಿಸಲು ಹಾಕಿಕೊಂಡ ಬಣ್ಣ. ಈ ಶಾಸ್ತ್ರದಲ್ಲಿ ತೊಡಗಿದವರು ಹೆಚ್ಚಾಗಿ ಯಾರು ಎಂಬುದನ್ನು ಬರೆದು ಮಿತ್ರರನ್ನು ಕಳೆದುಕೊಳ್ಳಲು ನಮಗೆ ಇಷ್ಟವಿಲ್ಲ.

ಐದನೆಯ ಅಧ್ಯಾಯ: ಹೊಳಪು ಪ್ರಕರಣ

ಬಣ್ಣ ಸರಿಹೋದ ಮೇಲೆ ಹೊಳಪು. ಒಳಗಡೆ ಬಿಸಿಲು ಚುಚ್ಚಿ ಚಾಲಕನ ಕಣ್ಣು ಕೋರೈಸಬಾರದೆಂದು ಒಳಬಣ್ಣವನ್ನು ಮಂದ ಮಾಡಿರುತ್ತಾರೆ. ಎಷ್ಟು ಮಂದ? ಇಲ್ಲಿ “ಅರವತ್ತು” ಎಂಬ ಮಹಾಮಂತ್ರ ಪ್ರವೇಶಿಸುತ್ತದೆ. ಅರವತ್ತು ಎಂದೊಡನೆ ಶಿಷ್ಯರು ಅರವತ್ತು ಪಾಲು ಹೊಳಪು ಎಂದು ಬಗೆದು ಕಾರನ್ನು ಮಿರಮಿರ ಮಿಂಚಿಸಿದ್ದಾರೆ. ಅರವತ್ತು ಎಂಬುದು ಅಳೆಯುವ ಕೋನ. ಅರವತ್ತು ಡಿಗ್ರಿ ಓರೆಯಾಗಿ ಬೆಳಕು ಬಿಟ್ಟು, ಅದೇ ಓರೆಯಲ್ಲಿ ಎಷ್ಟು ಚಿಮ್ಮಿತೆಂದು ನೋಡುವುದು. ನುಣುಪಾದ ಕಪ್ಪು ಗಾಜೊಂದು ಚಿಮ್ಮಿಸಿದ್ದನ್ನು ನೂರು ಎಂದಿಟ್ಟುಕೊಂಡು ಹೋಲಿಸುವುದು. ತೀರ ಹೊಳೆಯುವುದಕ್ಕೆ 20 ಡಿಗ್ರಿ, ತೀರ ಮಂದಕ್ಕೆ 85. ಅರವತ್ತು ಡಿಗ್ರಿಯಲ್ಲಿ ಹತ್ತು ಅಂಕವೂ ಬರಬಹುದು, ಎಂಬತ್ತೂ ಬರಬಹುದು. ಕೋನವನ್ನು ಅಂಕವೆಂದು ಓದಿದ ಈ ಒಂದು ಅಪಪಾಠದಿಂದ ಎಷ್ಟು ಒಳಾಂಗಣಗಳು ಬೆಳಗಿವೆಯೋ ಆ ಭಗವಂತನೇ ಬಲ್ಲ.

ಬಣ್ಣ ಮಂದವಾಗುವುದು ಅದರಲ್ಲಿ ಬೆರೆಸಿದ ಸಿಲಿಕಾ ಹುಡಿಯಿಂದ. ಹುಡಿ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡುತ್ತದೆ, ಬೆಳಕು ದಿಕ್ಕೆಟ್ಟು ಚದುರುತ್ತದೆ. ಈ ಹುಡಿ ಡಬ್ಬಿಯ ತಳಕ್ಕೆ ಕೂರುವ ಜಾತಿ. ಮದುವೆ ಮನೆಯ ಸಾರಿನಲ್ಲಿ ಮೊದಲ ಪಂಕ್ತಿಗೆ ತಿಳಿ, ಕೊನೆಯ ಪಂಕ್ತಿಗೆ ಬೇಳೆ ಬೀಳುವ ಹಾಗೆ, ಕಲಕದೆ ಹೊಡೆದರೆ ಡಬ್ಬಿಯ ಮೇಲ್ಭಾಗ ಬಿದ್ದ ಕಡೆ ಹೊಳಪು, ತಳ ಬಿದ್ದ ಕಡೆ ಮಂಕು. ಅಂದು ಕಾರ್ಖಾನೆಯಲ್ಲಿ ಡ್ರಮ್ಮನ್ನು ಎಷ್ಟು ಕಲಕಿದ್ದರು ಎಂಬುದೇ ಆದ್ದರಿಂದ ಸಂಪಾದನೆಯ ಗಹನ ಪ್ರಶ್ನೆ. ಹವೆಯೂ ಕೈ ಹಾಕುತ್ತದೆ: ಲ್ಯಾಕರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಇಬ್ಬನಿಗಟ್ಟಿ ಬಣ್ಣ ಬೆಳ್ಳಗಾಗುತ್ತದೆ. ಮಂಗಳೂರಿನ ಜುಲೈ ತಿಂಗಳಲ್ಲಿ ಈ ಪ್ರಯೋಗಕ್ಕೆ ಯಾರೂ ಇಳಿಯಬಾರದು.

1968ರ ಜನವರಿ 1ರಿಂದ ಅಮೆರಿಕ ಸರ್ಕಾರವೇ ಚಾಲಕನ ಕಣ್ಣೆದುರಿನ ವೈಪರ್ ಕಡ್ಡಿ, ಹಾರ್ನ್ ರಿಂಗ್ ಮೊದಲಾದ ಲೋಹಭಾಗಗಳ ಹೊಳಪಿಗೆ ಮಿತಿ ಹಾಕಿತು: 20 ಡಿಗ್ರಿಯಲ್ಲಿ 40 ಮೀರಬಾರದು. ನಮ್ಮ ಕಾರು 1965ರದಾದ್ದರಿಂದ ಈ ನಿಯಮ ಅದಕ್ಕೆ ತಗಲುವುದಿಲ್ಲ. ಪ್ರಬಂಧದ ತೂಕಕ್ಕಾಗಿ ಉಲ್ಲೇಖಿಸಲಾಗಿದೆ.

ಆರನೆಯ ಅಧ್ಯಾಯ: ಸಿದ್ಧಾಂತ

ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವಿದೆ: ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲ, ಲಿಪಿಕಾರ ಕಷ್ಟವನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವನ್ನು ಕಷ್ಟ ಮಾಡುವುದಿಲ್ಲ. ಇದನ್ನು ಬಣ್ಣಕ್ಕೆ ಅನ್ವಯಿಸಿ ನಾವು ಕಂಡುಕೊಂಡ ಸಿದ್ಧಾಂತ: ಎರಡು ಪಾಠಗಳಲ್ಲಿ ಕೆಟ್ಟದ್ದೇ ಮೂಲ.

ಲೆಕ್ಕ ನೋಡಿ. 1965ರ ಮಾದರಿಯ ಕಾರ್ವೆಟ್‌ಗಳು 23,562. ಭಾನುವಾರ, ಕ್ರಿಸ್ಮಸ್ ಯಾವುದನ್ನೂ ಬಿಡದೆ 365ರಿಂದ ಭಾಗಿಸಿದರೂ ದಿನಕ್ಕೆ 64 ದಾಟುತ್ತದೆ. ಗನ್ ಹಿಡಿದವನ ಮುಂದೆ ಒಂದು ಬಾಡಿ ಹೋದರೆ ಇನ್ನೊಂದು ನಿಂತಿರುತ್ತಿತ್ತು. ಅವನು ಕಾಣುವ ಕಡೆ ಹೊಡೆದ, ಕಾಣದ ಕಡೆ ಗಾಳಿಗೆ ಬಿಟ್ಟ. ಅಂಚಿನಲ್ಲಿ ಬಣ್ಣ ಇಳಿದಿತ್ತು, ಮೂಲೆಯಲ್ಲಿ ಪ್ರೈಮರ್ ಇಣುಕುತ್ತಿತ್ತು, ಪಕ್ಕದ ವೈರಿನ ಮೇಲೂ ಜೀನುಕಂದಿನ ಹನಿ ಸಿಡಿದಿತ್ತು. ಶುಕ್ರವಾರ ಸಂಜೆಯ ಕಾರಾದರೆ ಹೇಳುವುದೇ ಬೇಡ. ಓದುಗರು ನೆನಪಿಟ್ಟ ತಗಡಿನ ತಾರೀಖು ಇಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಆ ಕಾರನ್ನು ಪುನರುದ್ಧಾರಕ್ಕೆ ತೆಗೆದುಕೊಂಡವನನ್ನು ನೋಡಿ. ಧೂಳಿಲ್ಲದ ಕೋಣೆ, ಉತ್ತಮ ಗನ್ನು, ಮೂಗಿಗೆ ಮುಖವಾಡ, ಬೇಕಾದಷ್ಟು ಬಿಡುವು. ಅವನ ಕೈಯಲ್ಲಿ ಬಣ್ಣ ಗಾಜಿನ ಹಾಗೆ ಸಮನಾಗಿ ಕೂರುತ್ತದೆ. ನಿರ್ಣಾಯಕ ಟಾರ್ಚ್ ಬಿಟ್ಟು ನೋಡಿ, “ಕಾರ್ಖಾನೆ ಇಷ್ಟು ಚೆನ್ನಾಗಿ ಮಾಡಿರಲಿಲ್ಲ” ಎಂದು ಅಂಕ ಕಳೆಯುತ್ತಾನೆ. ಅತಿಯಾದ ಉದ್ಧಾರ ಅಲ್ಲಿ ನಿಜವಾಗಿಯೂ ದೋಷ. ಆದ್ದರಿಂದ ಸಾಧಕ ಮತ್ತೆ ವಾಟರ್ ಪೇಪರ್ ಹಿಡಿದು, ಕೆಟ್ಟದಾಗಿ ಹೊಡೆಯುವುದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಬೇಕು. ಹಳೆಯ ರಟ್ಟಿನ ಮೇಲೆ ನಿತ್ಯ ಸಾಧನೆ. ಮೂಲೆಯನ್ನು ಮರೆತಂತೆ ಮರೆಯಬೇಕು. ಮರೆತದ್ದು ಲೆಕ್ಕಹಾಕಿ ಮರೆತದ್ದೆಂದು ತಿಳಿಯಬಾರದು. ವೈರಿನ ಮೇಲಿನ ಹನಿಗಳ ಸಂಖ್ಯೆಗೆ ಹಳೆಯ ಫೋಟೊ ನೋಡಬೇಕು. ಅಂದಿನವನು ಒಂದು ಉಸಿರಿನಲ್ಲಿ ಮಾಡಿ ಮುಗಿಸಿದ ಅಜಾಗ್ರತೆಗೆ ಇಂದಿನವನು ಒಂದು ಬೇಸಿಗೆ ರಜೆ ತೆಗೆದುಕೊಳ್ಳುತ್ತಾನೆ. ಸಾಲದ್ದಕ್ಕೆ 1998ರಲ್ಲಿ ಅಮೆರಿಕದ ಪರಿಸರ ಇಲಾಖೆ ವಾಹನಗಳ ಮರುಬಣ್ಣಗಳಿಂದ ಹಾರುವ ದ್ರಾವಕಗಳಿಗೆ ದೇಶಕ್ಕೆಲ್ಲ ಮಿತಿ ಹಾಕಿತು; ಹಳೆಯ ಲ್ಯಾಕರ್ ಸಿಗುವುದೂ ದುಸ್ತರವಾಯಿತು. ಅಜಾಗ್ರತೆಗೆ ಬೇಕಾದ ಸಾಮಗ್ರಿಯೇ ಈಗ ದುಬಾರಿ.

ಪೂರ್ವಪಕ್ಷಿಯೊಬ್ಬ ಕೇಳಬಹುದು: “ಅಲ್ಲ ಸ್ವಾಮಿ, ಆ ಗನ್ ಹಿಡಿದವರಲ್ಲಿ ಯಾರಾದರೂ ಬದುಕಿದ್ದರೆ ಹೋಗಿ ಕೇಳಬಾರದೇ?” ಕೇಳಬಾರದು. ಡ್ರಮ್ಮಿನಲ್ಲಿ ಇದ್ದದ್ದನ್ನು ಹೊಡೆದೆ ಎಂದು ಅವರು ಹೇಳಿಬಿಟ್ಟರೆ ಮೂರು ಪಂಥಗಳೂ ಒಂದೇ ದಿನ ಬಾಗಿಲು ಹಾಕಬೇಕಾಗುತ್ತದೆ. ಕವಿಯನ್ನು ವಿಚಾರಿಸಿ ಪಾಠ ನಿರ್ಣಯಿಸಿದ ಸಂಪಾದಕ ಯಾವ ಪರಂಪರೆಯಲ್ಲೂ ಇಲ್ಲ.

ಏಳನೆಯ ಅಧ್ಯಾಯ: ಮುಂದಿನ ಸಂಶೋಧನೆಗೆ ಅವಕಾಶ

ಗ್ಲೋವ್ ಬಾಕ್ಸಿನ ಹಿಂಬದಿಯ ಬಣ್ಣದ ಬಗ್ಗೆ ಸ್ವತಂತ್ರ ಮಹಾಪ್ರಬಂಧವೊಂದು ಆಗಬೇಕಾಗಿದೆ. ಅಭ್ಯರ್ಥಿ ಕಾಲುಗಳನ್ನು ಸೀಟಿನ ಬೆನ್ನಿಗೆ ಏರಿಸಿ, ತಲೆಯನ್ನು ನೆಲಕ್ಕಿಟ್ಟು, ಅಂಗಾತ ಮಲಗಿಕೊಂಡೇ ಟಿಪ್ಪಣಿ ಬರೆಯಬಲ್ಲವರಾಗಿರಬೇಕು. ಮಾರ್ಗದರ್ಶಕರು ಹೊರಗೆ ಕುರ್ಚಿ ಹಾಕಿಕೊಂಡು ಟಾರ್ಚ್ ಹಿಡಿಯುತ್ತಾರೆ. ಕ್ಷೇತ್ರಕಾರ್ಯಕ್ಕೆ ಸೇಂಟ್ ಲೂಯಿಸ್ ಪ್ರವಾಸ ಕಡ್ಡಾಯ. ಅಲ್ಲಿ ಕಾರ್ವೆಟ್ ತಯಾರಿಕೆ 1981ರಲ್ಲೇ ನಿಂತು ಬೌಲಿಂಗ್ ಗ್ರೀನ್‌ಗೆ ಹೋಗಿದೆ ಎಂಬ ಆಕ್ಷೇಪಣೆಯನ್ನು ಪ್ರಯಾಣಭತ್ಯೆ ಮಂಜೂರಾದ ಮೇಲೆ ಪರಿಶೀಲಿಸಲಾಗುವುದು. ಕೆಂಪು ಹಸಿರು ಭೇದದ ಪರೀಕ್ಷೆ ಅಭ್ಯರ್ಥಿಗೆ ಮಾತ್ರ. ಮಾರ್ಗದರ್ಶಕರಿಗೆ ವಿನಾಯಿತಿ ಇದೆ. ಅರ್ಜಿಯೊಂದಿಗೆ ಸೊಂಟದ ಸುತ್ತಳತೆಯ ದೃಢೀಕೃತ ಪ್ರಮಾಣಪತ್ರವನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.