ಹನ್ನೊಂದು ತಿಂಗಳ ಕರಾರು

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಸಾಮಾನುಗಳಿಗೆ ಸುಲಭಕ್ಕೆ ಸಾವು ಬರುವುದಿಲ್ಲ. ಕಾಲು ಮುರಿದ ಕುರ್ಚಿ ಮಹಡಿ ಮೆಟ್ಟಿಲ ಕೆಳಗೆ ವಿಶ್ರಾಂತಿಗೆ ಹೋಗುತ್ತದೆ, ಕೆಟ್ಟ ಮಿಕ್ಸಿ ಅಟ್ಟ ಸೇರುತ್ತದೆ. ಅಟ್ಟವೂ ತುಂಬಿದ ದಿನ ಗುಜರಿಯವನು ಬಂದು ತಕ್ಕಡಿ ಹಿಡಿಯುತ್ತಾನೆ. ಅಲ್ಲಿಗೆ ಅದರ ಋಣ ಮುಗಿಯಿತೆಂದು ನಾವು ಕೈತೊಳೆದುಕೊಳ್ಳುತ್ತೇವೆ. ಹಾಗೆ ಕೈತೊಳೆದುಕೊಳ್ಳಲು ಬಿಡದ ಒಂದು ಜಾತಿಯ ಸಾಮಾನೂ ಉಂಟು. ಅದು ಕೂತಲ್ಲೇ ವಿಕಿರಣ ಸೂಸುವಂಥದ್ದು.

ಅಣುಸ್ಥಾವರ ಇರುವುದು ಕೈಗಾದಲ್ಲಿ, ಬಯಲುಸೀಮೆಯ ನಮಗೇಕೆ ಆ ಉಸಾಬರಿ ಎನ್ನುವವರಿದ್ದಾರೆ. ಅವರು ಒಮ್ಮೆ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮಾತಾಡಿಸಬೇಕು. ರಾಮನಗರದ ಕಡೆಯಿಂದ ನಮ್ಮ ಸೀಮೆ ಹಾದು ಬಳ್ಳಾರಿಯತ್ತ ಸಾಗುವ, ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಸಾಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಗ್ರಾನೈಟ್ ಎಂದಮೇಲೆ ಯುರೇನಿಯಂ, ಥೋರಿಯಂ ಚೂರುಪಾರು ಇದ್ದೇ ಇರುತ್ತವೆ. ಬೇಡವೆಂದು ಎಳನೀರು ಕುಡಿದರೆ ಅದರ ಪೊಟ್ಯಾಸಿಯಂನಲ್ಲೂ ಹತ್ತು ಸಾವಿರಕ್ಕೆ ಒಂದು ಪಾಲು ವಿಕಿರಣಶೀಲ. ಎಪ್ಪತ್ತು ಕೆ.ಜಿ. ತೂಗುವ ಮನುಷ್ಯನ ಮೈಯೊಳಗೆ ಆ ಪೊಟ್ಯಾಸಿಯಂನಿಂದಲೇ ಸೆಕೆಂಡಿಗೆ 4,000ಕ್ಕೂ ಹೆಚ್ಚು ಪರಮಾಣುಗಳು ಒಡೆಯುತ್ತಿರುತ್ತವೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಬಿಸಿಲು ಕೊಡುವ ಸೂರ್ಯನಂತೂ ಪೂರಾ ಪರಮಾಣು ಕುಲುಮೆ. ಪುಣ್ಯಕ್ಕೆ ಅವನ ವಿಲೇವಾರಿ ಇನ್ನೂ ತಾಲ್ಲೂಕು ಕಚೇರಿಯ ತಲೆಗೆ ಬಂದಿಲ್ಲ.

ಕರೆಂಟು ಕಾಣದ ಕಾಲದಲ್ಲಿ ಜಾತ್ರೆಗೆ, ಮೂಡಲಪಾಯದ ಆಟಕ್ಕೆ, ಮದುವೆ ಮೆರವಣಿಗೆಗೆ ಬೆಳಕಾದದ್ದು ಗ್ಯಾಸ್‌ಲೈಟು. ಅದರೊಳಗೆ ಬೆಳ್ಳಗೆ ಉರಿಯುತ್ತಿದ್ದ ಮ್ಯಾಂಟಲ್ಲಿನ ಹದವನ್ನು ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಕುದುರಿಸಿದ್ದ: 99 ಪಾಲು ಥೋರಿಯಂ ಆಕ್ಸೈಡು, ಒಂದು ಪಾಲು ಸೀರಿಯಂ. ದೀಪವನ್ನು ತಲೆ ಮೇಲೆ ಹೊತ್ತವರಿಗಾಗಲಿ, ಉದುರಿದ ಬಿಳಿ ಬೂದಿಯನ್ನು ಉಫ್ ಎಂದು ಊದಿದ ಹುಡುಗರಿಗಾಗಲಿ ಥೋರಿಯಂನ ಗುಣ ತಿಳಿದಿರಲಿಲ್ಲ. ಹಳೆಯ ಶಾಮಿಯಾನ ಅಂಗಡಿಯ ಮೂಲೆಯಲ್ಲಿ ಅಂಥ ಮ್ಯಾಂಟಲ್ಲಿನ ಪೊಟ್ಟಣ ಇವತ್ತಿಗೂ ಸಿಕ್ಕೀತು. ಸಿಕ್ಕಿದರೆ ಓಡಬೇಕಾಗಿಲ್ಲ. ಹರಿದು ಪುಡಿಮಾಡಿ ಮೂಗಿಗೇರಿಸಿಕೊಳ್ಳದಿದ್ದರೆ ಸಾಕು.

ಬಸ್‌ಸ್ಟ್ಯಾಂಡ್ ಪಕ್ಕದ ರೇಡಿಯಂ ಸ್ಟಿಕ್ಕರ್ ಅಂಗಡಿಯನ್ನು ಮಾತ್ರ ಈ ಪಟ್ಟಿಯಿಂದ ಬಿಟ್ಟುಬಿಡಿ. ಆಟೋ ಬೆನ್ನಿನ ಮೇಲೆ ‘ತಾಯಿಯ ಆಶೀರ್ವಾದ’ ಮಿಂಚುವುದು ಹಿಂದೆ ಬರುವ ಗಾಡಿಯ ಬೆಳಕು ತಿರುಗಿ ಬೀಳುವುದರಿಂದ. ರೇಡಿಯಂ ಅದರ ಹತ್ತಿರವೂ ಸುಳಿದಿಲ್ಲ. ನಿಜವಾದದ್ದು ಬೋರ್ಡು ಹಾಕಿಕೊಂಡು ಕೂರುವುದಿಲ್ಲ. ಅದನ್ನು ಹುಡುಕಲು ಕತ್ತೆತ್ತಿ ಛಾವಣಿ ನೋಡಬೇಕು.

ಲಾಡ್ಜು, ಬ್ಯಾಂಕು, ಬಟ್ಟೆ ಶೋರೂಮು, ಕಲ್ಯಾಣ ಮಂಟಪಗಳ ಸೀಲಿಂಗಿಗೆ ಅಂಟಿಕೊಂಡ ಬಿಳಿ ಬಿಲ್ಲೆಯೇ ಸ್ಮೋಕ್ ಡಿಟೆಕ್ಟರ್. ಮಂಟಪವೊಂದರ ಮ್ಯಾನೇಜರರನ್ನು ಅದೇನೆಂದು ಕೇಳಿದೆ.

“ಅದಾ ಸಾರ್? ಕ್ಯಾಮರಾ.”

“ಕ್ಯಾಮರಾನಾ?”

“ಅಲ್ಲ. ಆದ್ರೆ ಅಲ್ಲ ಅಂತ ನಾವು ಯಾರ್ಗೂ ಹೇಳಾಕಿಲ್ಲ. ಚಪ್ಪಲಿ ಕಳ್ತನ ಕಮ್ಮಿ ಆಗೈತೆ.”

ಹೋಮದ ಹೊಗೆಗೆ ಅದು ವಾಲಗದವರ ಜೊತೆ ಪೈಪೋಟಿಗೆ ಬಿದ್ದು ಕೂಗಿದ್ದರಿಂದ ಅದರ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಸಿದ್ದರು. ಬೆನ್ನಿನ ಚೀಟಿಯಲ್ಲಿ ವಿಕಿರಣ ಸೂಚಿಸುವ ಮೂರು ರೆಕ್ಕೆಯ ಗುರುತಿದೆಯೇ ಎಂದು ವಿಚಾರಿಸಿದರೆ, “ಫ್ಯಾನ್ ಕಂಪ್ನೀದಾ ಸಾರ್?” ಎಂದರು.

ಡಿಟೆಕ್ಟರಿನಲ್ಲಿ ಎರಡು ಬಗೆ. ಈಚಿನವು ಹೆಚ್ಚಾಗಿ ಬೆಳಕಿನಿಂದ ಹೊಗೆ ಹಿಡಿಯುತ್ತವೆ. ಅವುಗಳಲ್ಲಿ ವಿಕಿರಣದ ಮಾತೇ ಇಲ್ಲ. ಮೂರು ರೆಕ್ಕೆಯವುಗಳಲ್ಲಿ ಅಮೆರಿಸಿಯಂ-241 ಇರುತ್ತದೆ, ಸಾಮಾನ್ಯವಾಗಿ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಅದು ಸೂಸುವ ಆಲ್ಫಾ ಕಣಗಳಿಂದ ಎರಡು ತಗಡುಗಳ ನಡುವಿನ ಗಾಳಿಯಲ್ಲಿ ತೀರ ಸಣ್ಣ ಕರೆಂಟು ಹರಿಯುತ್ತಿರುತ್ತದೆ. ಹೊಗೆ ನುಗ್ಗಿದರೆ ಕರೆಂಟು ತಗ್ಗುತ್ತದೆ, ಅಲಾರಂ ಬಡಿದುಕೊಳ್ಳುತ್ತದೆ. ಆಲ್ಫಾ ಕಣವನ್ನು ತಡೆಯಲು ಒಂದು ಲಗ್ನಪತ್ರಿಕೆ ಸಾಕು. ಹಾಗಾಗಿ ತಲೆಯ ಮೇಲೆ ನೇತಾಡುವಷ್ಟು ಕಾಲ ಅದು ಸಾಧುಪ್ರಾಣಿ. ಒಡೆದು, ಸುಟ್ಟು, ಪುಡಿ ಉಸಿರಿಗೋ ಹೊಟ್ಟೆಗೋ ಸೇರಿದರೆ ಮಾತು ಬೇರೆ.

ಈ ಅಮೆರಿಸಿಯಂ ಅರ್ಧಕ್ಕಿಳಿಯಲು 432 ವರ್ಷ ಬೇಕು. ನಮ್ಮ ಅಂಗಡಿ ಮಳಿಗೆಗಳ ಬಾಡಿಗೆ ಕರಾರು 11 ತಿಂಗಳದ್ದು. ತೊಂದರೆಯೆಲ್ಲ ಇರುವುದು ಈ ಎರಡು ಲೆಕ್ಕಗಳ ನಡುವೆ. ಶಿರಾ ಮೊಘಲರ ಸುಬಾ ಆದ 1687ರಲ್ಲಿ ಸುಬೇದಾರರ ಕಚೇರಿಗೆ ಇಂಥದ್ದೊಂದನ್ನು ತಗುಲಿಹಾಕಿದ್ದರೆ, ಮೊಘಲರು ಹೋಗಿ, ಮರಾಠರು ಹೋಗಿ, ಹೈದರ್, ಟಿಪ್ಪು, ಬ್ರಿಟಿಷರೆಲ್ಲ ಹೋದಮೇಲೂ ಅದರ ಅರ್ಧಕ್ಕಿಂತ ಹೆಚ್ಚು ಅಮೆರಿಸಿಯಂ ಇನ್ನೂ ಹಾಜರಿ ಹಾಕುತ್ತಿತ್ತು. ಇಲ್ಲಿಯೋ, ಬೇಕರಿ ಹೋಗಿ ಮೊಬೈಲ್ ಅಂಗಡಿ ಬರುತ್ತದೆ, ಅದೂ ಹೋಗಿ ಚಿನ್ನದ ಮೇಲೆ ಸಾಲ ಕೊಡುವವರು ಬರುತ್ತಾರೆ. ಪ್ರತಿ ಸಲವೂ ಸೀಲಿಂಗ್ ಒಡೆಯುತ್ತಾರೆ. ಬಿಳಿ ಬಿಲ್ಲೆ ವೈರಿನ ತುಂಡುಗಳ ಜೊತೆ ಸಿಮೆಂಟ್ ಚೀಲ ಸೇರಿ ಗುಜರಿಗೆ ಹೊರಡುತ್ತದೆ.

ಗುಜರಿಯ ದಾರಿ ಎಲ್ಲಿಗೆ ಮುಟ್ಟೀತೆಂದು ಹೇಳಲಾಗದು. 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಕೋಬಾಲ್ಟ್-60 ಹೊರಬಿದ್ದು ಒಬ್ಬ ಕೆಲಸಗಾರ ತೀರಿಕೊಂಡ, ಹಲವರು ಆಸ್ಪತ್ರೆ ಸೇರಿದರು. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಯಂತ್ರವೊಂದನ್ನು ಹರಾಜು ಹಾಕಿದ್ದರು. ಆ ಯಂತ್ರಕ್ಕೂ ನಮ್ಮ ಬಿಳಿ ಬಿಲ್ಲೆಗೂ ಬಲದಲ್ಲಿ ಅಜಗಜಾಂತರ; ಮರೆವು ಮಾತ್ರ ಒಂದೇ. ಅದಕ್ಕೂ ಮೊದಲು, 2008ರಲ್ಲಿ, ಫ್ರಾನ್ಸಿನ ಲಿಫ್ಟುಗಳ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಉಕ್ಕು ಹೋದದ್ದು ನಮ್ಮ ದೇಶದಿಂದ. ಯಾರದೋ ಪುಸ್ತಕದಲ್ಲಿ ಲೆಕ್ಕ ತಪ್ಪಿದ ಚೂರು ಗುಜರಿಯೊಳಗೆ ಕರಗಿ, ಸಮುದ್ರ ದಾಟಿ, ಮೂರನೇ ಮಹಡಿಗೆ ಹೊರಟವರ ಬೆರಳಿಗೆ ತಾಗಿತ್ತು.

ಹಾಗಾದರೆ ಬಿಲ್ಲೆಯನ್ನು ಯಾರಿಗೆ ಕೊಡುವುದು? ಪುರಸಭೆಯ ಕಸದ ಗಾಡಿಗೆ ಹಾಕುವಂತಿಲ್ಲ. ಇ-ತ್ಯಾಜ್ಯದವರ ಹತ್ತಿರ ಹೋದರೆ, ಅವರ 2022ರ ನಿಯಮಗಳು ವಿಕಿರಣಶೀಲ ತ್ಯಾಜ್ಯ ನಮ್ಮದಲ್ಲ, ಅದು ಪರಮಾಣು ಶಕ್ತಿ ಕಾನೂನಿನ ಪಾಲಿನದು ಎಂದು ಪಕ್ಕಕ್ಕೆ ಸರಿಯುತ್ತವೆ. ಆ ಕಾನೂನಿನ ಕೆಲಸ ನೋಡಲು 1983ರಲ್ಲಿ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮುಂಬೈಯಲ್ಲಿದೆ. ಇಷ್ಟು ಸುತ್ತಿದ ಮೇಲೆ ಸಿಗುವ ದಾರಿ ಮಾತ್ರ ಬಹಳ ಸರಳ. ಬಿಚ್ಚಬೇಡಿ, ಒಡೆಯಬೇಡಿ, ಇಡಿಯಾಗಿ ತಂದುಕೊಟ್ಟ ಕಂಪನಿಗೇ ಹಿಂದಿರುಗಿಸಿ. ಅಧಿಕೃತ ಜಾಗಕ್ಕೆ ಮುಟ್ಟಿಸುವುದು ಅವರ ಹೊಣೆ.

ತಂದುಕೊಟ್ಟವರು ಯಾರೆಂದು ಬರೆದಿಟ್ಟಿದ್ದರೆ ತಾನೆ ಹಿಂದಿರುಗಿಸುವುದು? ಇಲ್ಲಿ ಮಾತ್ರ ನನಗೆ ನಮ್ಮವರ ಮೇಲೆ ಪೂರ್ಣ ಭರವಸೆ. ಮದುವೆ ಮನೆಯ ಮುಯ್ಯಿ ಪುಸ್ತಕ ತೆಗೆದು ನೋಡಿ. ಮೂವತ್ತು ವರ್ಷದ ಹಿಂದೆ ಯಾವ ಹಟ್ಟಿಯ ಯಾರು ಹನ್ನೊಂದು ರೂಪಾಯಿ ಓದಿಸಿದರು, ಯಾರು ಸ್ಟೀಲ್ ಚೊಂಬು ಕೊಟ್ಟು ಊಟಕ್ಕೆ ನಿಲ್ಲದೆ ಹೋದರು, ಎಲ್ಲ ದಾಖಲು. ಅತ್ತೆ ತೀರಿಕೊಂಡರೆ ಪುಸ್ತಕ ಸೊಸೆಯ ಕೈಗೆ ಬರುತ್ತದೆ, ಲೆಕ್ಕ ನಿಲ್ಲುವುದಿಲ್ಲ. ಇಂಥ ಜನಕ್ಕೆ ನಾಲ್ಕು ಡಿಟೆಕ್ಟರಿನ ಜಾಡು ಹಿಡಿಯುವುದು ಯಾವ ಮಹಾ ಕೆಲಸ? ಯಾವ ಕೋಣೆಯಲ್ಲಿ ಎಷ್ಟು, ಯಾರು ಕೊಟ್ಟದ್ದು, ಯಾವ ಇಸವಿ ಎಂದು ಒಂದು ಹಾಳೆ ಬರೆದು, ಬಾಡಿಗೆದಾರ ಬದಲಾದಾಗ ಬೀಗದಕೈಯ ಜೊತೆ ಒಪ್ಪಿಸಿದರಾಯಿತು. ಬಂದ ಮುಯ್ಯಿಯನ್ನು ಹಿಂದಿರುಗಿಸದೆ ಉಳಿಸಿಕೊಂಡವರನ್ನು ನಮ್ಮ ಕಡೆ ನಾಲ್ಕು ಜನ ಸೇರಿದಲ್ಲೆಲ್ಲ ಆಡಿಕೊಳ್ಳುತ್ತಾರೆ. ಆ ಭಯ ಯಾವ ಕಾಯ್ದೆಗೂ ಕಡಿಮೆಯದಲ್ಲ. ಮುಂಬೈಯ ಮಂಡಳಿಯವರು ಅದನ್ನು ನಿಯಮಾವಳಿಗೆ ಸೇರಿಸಿಕೊಳ್ಳುವುದೊಂದೇ ಬಾಕಿ.