ಏಳು ಜನರ ಆಟ, ಐವರ ಚಪ್ಪಾಳೆ

ಪಿಟಿ ಮೇಷ್ಟ್ರು: ಚನ್ನಗಿರಿಯಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರಾಗಲಿ, ಕಬಡ್ಡಿ ತಂಡಕ್ಕೆ 12 ಮಕ್ಕಳಾದರೂ ಅಂಗಳಕ್ಕಿಳಿಯೋರು 7 ಜನ ಸಾರ್. ಉಳಿದ ಐವರು ಚಪ್ಪಾಳೆ ತಟ್ಟಿ ಕ್ರೀಡಾಮನೋಭಾವ ಕಲೀತಾರೆ!

ಬರಹಗಾರ: ಒಳ್ಳೆಯ ಪಾಠವೇ, ವರ್ಷವಿಡೀ ಅದೇ ಐವರಿಗೇ ಏಕೆ? ಗೆಲ್ಲಬೇಕು ಎನ್ನುತ್ತೀರಿ. ನಾಕೌಟ್‌ಗೆ 16 ತಂಡ ಬಂದರೆ 15 ಸೋಲಲೇಬೇಕು, ಅದರಲ್ಲಿ 8 ಮೊದಲ ಪಂದ್ಯದಲ್ಲೇ. ಅಂದರೆ ಬಹುತೇಕ ಶಾಲೆಗಳು ಐವರನ್ನು ಕೂರಿಸಿಯೇ ಸೋತವು, ಆಡಿಸಿ ಸೋಲಬಹುದಿತ್ತಲ್ಲ! ಪ್ರತಿಭೆಗೆ ಅನ್ಯಾಯ ಎನ್ನುವಿರಾ? ಜಿಲ್ಲಾ ಮಟ್ಟದಲ್ಲಿ ಬಲಿಷ್ಠರೇ ಆಡಲಿ, ಒಪ್ಪಿದೆ. ಹೋಬಳಿ ಮಟ್ಟದಲ್ಲಿ ಆ ಅವಸರ ಬೇಡ. ಹದಿಮೂರಕ್ಕೆ ಕುಳ್ಳಗಿದ್ದವನು ಹದಿನಾರಕ್ಕೆ ಒಳ್ಳೆಯ ರೈಡರ್ ಆಗಬಹುದು, ಅಷ್ಟರಲ್ಲಿ ಆಟವನ್ನೇ ಬಿಟ್ಟಿರದಿದ್ದರೆ. ನಾರ್ವೆ 1987ರಲ್ಲೇ ಮಕ್ಕಳ ಕ್ರೀಡೆಗೆ ನಿಯಮ ತಂದಿತು. ಎಳೆಯರ ಪಂದ್ಯಗಳಿಗೆ ಅಲ್ಲಿ ಶ್ರೇಯಾಂಕಪಟ್ಟಿಯೇ ಇಲ್ಲ. ಆದರೂ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಅಗ್ರಸ್ಥಾನಕ್ಕೇರಿತು. (ಹಿಮವೇ ಕಾರಣ ಎನ್ನಬೇಡಿ, ಹಿಮ ರಷ್ಯಾದಲ್ಲೂ ಬೀಳುತ್ತದೆ.)

ಮೇಷ್ಟ್ರು: ಕಪ್ಪು ಬರದಿದ್ರೆ ಹೆಡ್‌ಮಾಸ್ಟರಿಗೆ ಏನು ಹೇಳ್ಲಿ ಸಾರ್?

ಬರಹಗಾರ: ಹೋದ ವರ್ಷ ಏಳೇ ಜನರನ್ನು ಆಡಿಸಿ ಕಪ್ಪು ಬರದಿದ್ದಾಗ ಏನು ಹೇಳಿದಿರೋ, ಅದನ್ನೇ.