ಜೀಪಣ್ಣನವರ ಜ್ಯೋತಿರ್ಯಾತ್ರೆ

ನಮ್ಮ ಕಾನೂನಿನೊಳಗೆ ಒಬ್ಬ ಮನುಷ್ಯ ನಿಂತಿದ್ದಾನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಅವನನ್ನು ವಾಹನದ ದೀಪದಿಂದ 8 ಮೀಟರ್ ದೂರದಲ್ಲಿ, ದೀಪದ ಬಲಕ್ಕೆ ಅರ್ಧ ಮೀಟರಿಗಿಂತ ಆಚೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವಂತೆ ನಿಲ್ಲಿಸಿದೆ. ಅವನ ಕಣ್ಣು ಕುಕ್ಕದಷ್ಟು ದೀಪದ ಬೆಳಕು ಕೆಳಗೆ ಬಾಗಿರಬೇಕು ಎಂಬುದು ಸರ್ಕಾರದ ಆಸೆ. ಅಂದಿನಿಂದ ಪಾಪ, ಅಲ್ಲೇ ನಿಂತಿದ್ದಾನೆ. ಅಂಬಾಸಿಡರಿನ ಹಳದಿ ಮಿಣುಕು ದೀಪ ಕಂಡ, ಮಾರುತಿ ಕಂಡ, ಡಿಪ್ ಮಾಡುವುದೆಂದರೆ ಮಾನಹಾನಿ ಎಂದು ತಿಳಿದ ಖಾಸಗಿ ಬಸ್ಸುಗಳನ್ನೂ ಕಂಡ. ಎಲ್ಲವನ್ನೂ ಸಹಿಸಿಕೊಂಡವನ ಎದುರಿಗೆ ಈಗ ನಮ್ಮ ಜೀಪಣ್ಣನವರು ಬಂದು ನಿಂತಿದ್ದಾರೆ.

ಜೀಪಣ್ಣನವರು ಇಂಥವರೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ. ಬೆಂಗಳೂರಿನ ಯಾವ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೂ ಒಬ್ಬರು ಸಿಗುತ್ತಾರೆ. 2020ರಲ್ಲಿ ಹೊಸ ಥಾರ್ ಬಂದಾಗ ಕೆಲವರು ಜೀಪಣ್ಣರಾದರು. 2023ರಲ್ಲಿ ಜಿಮ್ನಿ ಬಂದಾಗ ಇನ್ನು ಕೆಲವರು. 2024ರಲ್ಲಿ ಥಾರಿಗೂ ಐದು ಬಾಗಿಲಾದ ಮೇಲೆ, ಅಲ್ಲಿಯವರೆಗೆ ಮನೆಯವರ ಒಪ್ಪಿಗೆ ಸಿಗದೆ ಕಾಯುತ್ತಿದ್ದವರೂ ಆದರು. ಗಾಡಿಗೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರೊಂದಿದೆ. ಡೆಲಿವರಿ ದಿನ ಅದನ್ನು ಎಳೆದು ತೋರಿಸಿದ್ದಾರೆ, ಆಮೇಲೆ ಅದಕ್ಕೆ ಯಾರೂ ತೊಂದರೆ ಕೊಟ್ಟಿಲ್ಲ. ಕಂತು ಶುರುವಾಯಿತು, ಇನ್‌ಸ್ಟಾಗ್ರಾಮಿಗೆ ಫೋಟೊ ಬಿತ್ತು. ಇಷ್ಟೆಲ್ಲ ಆದ ಮೇಲೆ ಒಂದು ಕೊರತೆ ಕಾಡತೊಡಗಿತು. ಕಾಡಿಗೆ ಹೋಗಿ ಟೆಂಟ್ ಹಾಕಬೇಕು. ಆದರೆ ಕಾಡಿನಲ್ಲಿ ಕತ್ತಲೆ ಇರುತ್ತದಂತೆ.

ಕತ್ತಲೆಗೆ ಮದ್ದು ಸಿಗುವುದು ಜೆ.ಸಿ. ರೋಡಿನ ಗಾಡಿ ಸಾಮಾನಿನ ಅಂಗಡಿಯಲ್ಲಿ.

‘ಕ್ಯಾಂಪಿಂಗಾ ಸಾರ್?’

‘ಹೂಂ.’

‘ಹಂಗಾದ್ರೆ ಒಂದ್ ಲೈಟ್ ಸಾಕಾಗಲ್ಲ.’

ಕಣಿ ಹೇಳುವವರೂ ಇಷ್ಟು ಬೇಗ ಮನಸ್ಸು ಓದಲಾರರು. ಜೀಪಣ್ಣನವರಿಗೆ ಒಂದು ಲೈಟು ಸಾಕಾಗುವುದಿಲ್ಲ ಎಂಬುದು ಅವರಿಗೇ ಗೊತ್ತಿರಲಿಲ್ಲ, ಅಂಗಡಿಯ ಹುಡುಗನಿಗೆ ಗೊತ್ತಿತ್ತು. ಮೊದಲು ತಲೆಯ ಮೇಲೊಂದು ಉದ್ದದ ಲೈಟ್ ಬಾರ್. ಬಾನೆಟ್ಟಿನ ಎರಡು ಮೂಲೆಗೆ ಡಿಚ್ ಲೈಟು. ಚಾಸಿಯ ಕೆಳಗೆ ಸುತ್ತಲೂ ರಾಕ್ ಲೈಟು, ಬಣ್ಣ ಮೊಬೈಲಿನಲ್ಲೇ ಬದಲಾಗುತ್ತದೆ. ಹಿಂದೆ ಚೇಸ್ ಲೈಟು. ಎರಡು ಬದಿಗೆ ಬಾವುಟದ ಕೋಲಿನಂತೆ ನಿಂತು ಮಿನುಗುವ ವಿಪ್ ಲೈಟು.

ಇವೆಲ್ಲ ತಲೆಕೆಟ್ಟವರು ಕಂಡುಹಿಡಿದ ವಸ್ತುಗಳೇನಲ್ಲ. ಪ್ರತಿಯೊಂದಕ್ಕೂ ಒಂದು ಊರಿದೆ, ಒಂದು ಕೆಲಸವಿದೆ. ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ 1967ರಿಂದ ರೇಸ್ ನಡೆಯುತ್ತದೆ. ಬೀದಿದೀಪವಿಲ್ಲದ ಆ ಬಯಲಿನಲ್ಲಿ ರಾತ್ರಿಯಿಡೀ ನೂರು ಮೀರಿದ ವೇಗದಲ್ಲಿ ಹೋಗುವವನಿಗೆ ಅರ್ಧ ಕಿಲೋಮೀಟರ್ ಮುಂದಿನ ಬಂಡೆ ಈಗಲೇ ಕಾಣಬೇಕು. ಅದಕ್ಕೆ ಆ ಸಾಲುದೀಪ. ಅಲ್ಲಿ ಎದ್ದ ದೂಳಿನಲ್ಲಿ ಹಿಂದಿನವನು ಬಂದು ಗುದ್ದಬಾರದೆಂದು ಚೇಸ್ ಲೈಟು. ಅಮೆರಿಕದ ಮೋಆಬಿನಲ್ಲಿ ಬಂಡೆಗಳ ಮೇಲೆ ಗಾಡಿ ಹತ್ತಿಸುವಾಗ ಕೆಳಗೆ ನಿಂತು ದಾರಿ ಹೇಳುವವನಿಗೆ ಟಯರು ಎಲ್ಲಿ ಕೂತಿದೆ ಎಂದು ಕಾಣಲಿ ಎಂದು ರಾಕ್ ಲೈಟು. ಮರಳುದಿಬ್ಬದ ಆಚೆ ಇಳಿದ ಗಾಡಿ ಈಚೆಯಿಂದ ಹತ್ತುವವನಿಗೆ ಕಾಣಲಿ ಎಂದು ವಿಪ್ ಲೈಟು. ನಮ್ಮಲ್ಲಿ ಇವಿಷ್ಟೂ ಒಂದೇ ಗಾಡಿಯ ಮೇಲೆ ಕೂತು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಸಿರು ದೀಪಕ್ಕೆ ಕಾಯುತ್ತಿರುತ್ತವೆ. ಕೆಳಗೆ ನೇರಳೆ ಬಣ್ಣ ಚೆಲ್ಲಿರುತ್ತದೆ. ಟಯರು ಎಲ್ಲಿ ಕೂತಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ: ಬಿಬಿಎಂಪಿ ಕಾಲದ ಗುಂಡಿಯಲ್ಲಿ.

ಇನ್ನು ವಯರಿಂಗು. ಈ ವಿದ್ಯೆಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಜೀಪಣ್ಣನವರು ಒಂದನ್ನೂ ಕೇಳಲಿಲ್ಲ. ಲೈಟು ಅಂಬರ್ ಬಣ್ಣದಲ್ಲೂ ಬರುತ್ತದಾ, ಆನ್ ಆಗುವಾಗ ಒಂದೊಂದಾಗಿ ಹೊತ್ತಿಕೊಳ್ಳುತ್ತದಾ, ಇದನ್ನು ಕೇಳಿದರು. ತಂತಿ ಎಷ್ಟು ದಪ್ಪ ಎಂದು ಕೇಳಲಿಲ್ಲ. ಡಬ್ಬದ ಮೇಲೆ 300 ವ್ಯಾಟ್ ಎಂದಿತ್ತು. 12 ವೋಲ್ಟಿನ ಗಾಡಿಯಲ್ಲಿ 300 ವ್ಯಾಟ್ ಎಂದರೆ 25 ಆಂಪಿಯರ್ ಕರೆಂಟು. ಅದನ್ನು ಹೊರುವ ತಂತಿ ದಪ್ಪಗಿರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸಿರಬೇಕು. ಭಾರದ ಕರೆಂಟು ರಿಲೇಯ 30ನೇ ಪಿನ್ನಿನಿಂದ 87ಕ್ಕೆ ದಾಟಿ ಲೈಟಿಗೆ ಹೋಗಬೇಕು, ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚು 85, 86ರ ಸುರುಳಿಯನ್ನು ಮಾತ್ರ ಎಬ್ಬಿಸಬೇಕು. ಎಂಜಿನ್ನಿನ ಕಡೆಯಿಂದ ತಂತಿ ಒಳಬರುವ ತೂತಿಗೆ ರಬ್ಬರಿನ ಬಳೆ ಇರಬೇಕು, ಇಲ್ಲದಿದ್ದರೆ ತಗಡು ಉಜ್ಜಿ ಉಜ್ಜಿ ತಂತಿಯ ಚರ್ಮ ಸುಲಿಯುತ್ತದೆ. ಶಾಸ್ತ್ರ ಇಷ್ಟೇ.

ನಡೆದದ್ದು ಬೇರೆ. ಹೆಡ್‌ಲೈಟಿನ ತಂತಿಯನ್ನು ಬ್ಲೇಡಿನಲ್ಲಿ ಕೆರೆದು, ಅದಕ್ಕೆ ಹೊಸ ತಂತಿ ತಿರುಚಿ, ಮೇಲೆ ಕಪ್ಪು ಟೇಪು ಸುತ್ತಲಾಯಿತು. ಕಂಪನಿಯ ವಾರಂಟಿ ಆ ಬ್ಲೇಡಿನ ತುದಿಯಲ್ಲೇ ಪ್ರಾಣ ಬಿಟ್ಟಿತು. ಫ್ಯೂಸು?

‘ಹಾಕಿದ್ದೆ ಸಾರ್. ಸುಮ್ಸುಮ್ನೆ ಹೋಗ್ತಿತ್ತು. ಅದಕ್ಕೆ ತೆಗೆದ್ಬಿಟ್ಟೆ.’

ಇಷ್ಟಾದರೂ ಗಾಡಿಗೆ ಬೆಂಕಿ ಬಿದ್ದಿಲ್ಲವಲ್ಲ ಎಂದು ಆಶ್ಚರ್ಯಪಡಬೇಡಿ. ಆ ಎಳೆದಾರದಂಥ ತಂತಿಯಲ್ಲಿ ನಿಜಕ್ಕೂ 25 ಆಂಪಿಯರ್ ಹರಿದಿದ್ದರೆ ಹೊಸೂರು ರೋಡ್ ತಲುಪುವ ಮೊದಲೇ ವಾಸನೆ ಬರುತ್ತಿತ್ತು. ಬರಲಿಲ್ಲ. ಏಕೆಂದರೆ ಡಬ್ಬದ ಮೇಲಿನ 300 ವ್ಯಾಟ್ ಸುಳ್ಳು. ಒಳಗಿನ ದೀಪ ಅದರ ಅರ್ಧವನ್ನೂ ಎಳೆಯುವುದಿಲ್ಲ. ಒಂದು ಮೋಸ ಇನ್ನೊಂದು ಮೋಸದಿಂದ ಗಿರಾಕಿಯ ಜೀವ ಕಾಪಾಡಿತು. ನಮ್ಮ ಮಾರುಕಟ್ಟೆಗೆ ನೀತಿಯಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಈ ದೀಪಗಳೆಲ್ಲ ಎಲ್‌ಇಡಿ. ನೀಲಿ ಎಲ್‌ಇಡಿಗಾಗಿ 2014ರ ಭೌತಶಾಸ್ತ್ರದ ನೊಬೆಲ್ ಜಪಾನಿನಲ್ಲಿ ಹುಟ್ಟಿದ ಮೂವರಿಗೆ ಹೋಯಿತು: ಅಕಾಸಾಕಿ, ಅಮಾನೊ, ನಾಕಾಮುರ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿದ್ದರೂ ನೀಲಿ ಬರಲಿಲ್ಲ. ನೀಲಿ ಇಲ್ಲದೆ ಬಿಳಿ ಇಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಹರಳಿನ ಜೊತೆ ವರ್ಷಗಟ್ಟಲೆ ಗುದ್ದಾಡಿ ಇವರು ನೀಲಿ ತಂದರು. ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು, ಭೂಮಿಗೆ ಉಳಿತಾಯ ಎಂದು ಜಗತ್ತು ಕೊಂಡಾಡಿತು. ಕಡಿಮೆ ಕರೆಂಟು ಸಾಕೆಂದು ತಿಳಿದ ಕೂಡಲೇ ಜೀಪಣ್ಣನವರು ಉಳಿದ ಕರೆಂಟಿಗೂ ಲೈಟು ಹಾಕಿಸಿದರು. ಆ ಮೂವರು ವಿಜ್ಞಾನಿಗಳ ತಪಸ್ಸು ಈಗ ನೆಲಮಂಗಲದ ಹತ್ತಿರ, ಎದುರಿನಿಂದ ಬರುವ ಹಾಲಿನ ಟೆಂಪೋದವನ ಕಣ್ಣೊಳಗೆ ನೇರವಾಗಿ ಇಳಿಯುತ್ತಿದೆ. ಅವನು ನೊಬೆಲ್ ಸಮಿತಿಯನ್ನು ನೆನೆಯುವುದಿಲ್ಲ. ಬೇರೆ ಯಾರನ್ನೋ, ಅವರ ತಾಯಿಯ ಸಮೇತ ನೆನೆಯುತ್ತಾನೆ.

ಕಾನೂನು ಕಣ್ಣುಮುಚ್ಚಿ ಕೂತಿಲ್ಲ. ಮುಚ್ಚಿದ್ದರೆ ಅದು ಈ ಬೆಳಕಿಗೇ ಇರಬೇಕು. ಮೊದಲೇ ಒಪ್ಪಿಗೆ ಪಡೆಯದೆ ಗಾಡಿಯ ಮುಂದೆ ಸ್ಪಾಟ್‌ಲೈಟಾಗಲೀ ಸರ್ಚ್‌ಲೈಟಾಗಲೀ ಹಾಕುವಂತಿಲ್ಲ ಎಂದು 1989ರ ಅದೇ ನಿಯಮಾವಳಿ ಹೇಳುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ. ಮಾರ್ಪಾಡೊಂದಕ್ಕೆ ಎಂಬ ಮಾತನ್ನು ಮತ್ತೊಮ್ಮೆ ಓದಿ. ಪುರುಸೊತ್ತಾಗಿ ಕೂತು ಲೈಟು ಎಣಿಸುವ ಇನ್‌ಸ್ಪೆಕ್ಟರೊಬ್ಬರು ಸಿಕ್ಕರೆ ಗಾಡಿಯ ಕಂತು ಚಿಲ್ಲರೆಯಾಗಿ ಕಾಣುತ್ತದೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕೇಸು ಹಾಕಲು ಶುರುಮಾಡಿದಾಗ ಜೀಪಣ್ಣನವರು ಒಂದು ಉಪಾಯ ಕಂಡುಕೊಂಡರು: ಲೈಟಿಗೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಊರೊಳಗೆ ಮುಚ್ಚಿದೆ, ಕಾಡಿನಲ್ಲಿ ಮಾತ್ರ ತೆಗೆಯುತ್ತೇವೆ ಎಂಬ ವಾದ. ಆ ಮುಚ್ಚಳ ಕೋವಿಡ್ ಕಾಲದ ಮಾಸ್ಕಿನ ಹಾಗೆ, ಪೊಲೀಸರು ಕಂಡಾಗ ಮೇಲೇರಿ ಉಳಿದ ಹೊತ್ತು ಗದ್ದಕ್ಕೆ ಇಳಿದಿರುತ್ತದೆ.

ಅಂತೂ ಹೊರಟರು. ಸಕಲೇಶಪುರದ ಆಚೆ, ಕಾಫಿತೋಟದ ಅಂಚಿನಲ್ಲಿ ಟೆಂಟಿನ ಜಾಗ. ಹಾಸನ ದಾಟಿ ಗುಡ್ಡ ಏರುವಾಗ ಮಂಜು ಬಿತ್ತು. ಇಂಥ ಹೊತ್ತಿಗಾಗಿಯೇ ತಾನೇ ಇಷ್ಟೆಲ್ಲ ಖರ್ಚು? ಜೀಪಣ್ಣನವರು ಮೇಲಿನ ಸ್ವಿಚ್ಚು ಒತ್ತಿದರು. ಎದುರಿಗೆ ಸುಣ್ಣ ಹೊಡೆದ ಗೋಡೆಯೊಂದು ಎದ್ದು ನಿಂತಿತು. ಮಂಜು ಎಂದರೆ ನೀರಿನ ಹನಿಗಳು. ಕಣ್ಣಿನ ಮಟ್ಟದಿಂದ ಬಿಟ್ಟ ಬೆಳಕನ್ನು ಅವು ಹೆಚ್ಚು ಮಾತಾಡದೆ ಕಣ್ಣಿಗೇ ವಾಪಸು ಕಳಿಸುತ್ತವೆ. ಫಾಗ್ ಲ್ಯಾಂಪನ್ನು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರ, ಅಗಲವಾಗಿ ಹರಡುವಂತೆ ಇಡುವುದು ಇದಕ್ಕೇ. ಅದು ಕಂಪನಿಯೇ ಕೊಟ್ಟದ್ದು, ಪುಕ್ಕಟೆ ಬಂದದ್ದು. ಆದ್ದರಿಂದ ಅದರ ಮೇಲೆ ಗೌರವವಿಲ್ಲ.

ದಾರಿ ತೋರಿಸಲು ತೋಟದ ಕಡೆಯಿಂದ ಹಳೇ ಜೀಪೊಂದು ಬಂದಿತ್ತು. ಅದರ ಒಂದು ಹೆಡ್‌ಲೈಟು ದೇವರಿಗೆ ಪ್ರೀತಿ, ಇನ್ನೊಂದು ನೆಲ ನೋಡುತ್ತಿತ್ತು. ಡ್ರೈವರು ಇಳಿದು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಹೇಳಿದ:

‘ಸಾರ್, ಆ ಮೇಲಿನ್ ಲೈಟ್ ಆಫ್ ಮಾಡಿ. ದಾರಿ ಕಾಣ್ತಿಲ್ಲ.’

ಅದೇ ಡ್ರೈವರನ್ನು ಜೀಪಣ್ಣನವರು ಆಮೇಲೆ ಕೇಳಿದರು, ಈ ಲೈಟಿಗೆ ಆನೆ ಹೆದರುತ್ತದಾ ಎಂದು. ಸಕಲೇಶಪುರ, ಆಲೂರಿನ ಕಡೆ ಆನೆಯ ಪ್ರಶ್ನೆ ತಮಾಷೆಯದಲ್ಲ. ಸಂಜೆಯಾದರೆ ಕೂಲಿಯವರು ತೋಟದಿಂದ ಲೆಕ್ಕ ಹಾಕಿಕೊಂಡು ಹೊರಬೀಳುವ ಸೀಮೆ ಅದು. ‘ಟಾರ್ಚು, ಪಟಾಕಿ ಎಲ್ಲ ಅವಕ್ಕೆ ಮಾಮೂಲು ಸಾರ್,’ ಅಂದ ಅವನು. ‘ನಮಗೆ ಕಾಣದಿದ್ರೂ ಅವು ನಮ್ಮನ್ನ ನೋಡ್ತಾನೇ ಇರ್ತಾವೆ.’ ಜೀಪಣ್ಣನವರು ಇನ್ನೆರಡು ಲೈಟು ಹಚ್ಚಿದರು.

ಟೆಂಟು ಎದ್ದಿತು. ಮಕ್ಕಳಿಗೆ ನಕ್ಷತ್ರ ತೋರಿಸಬೇಕೆಂದು ಇನ್ನೂರು ಚಿಲ್ಲರೆ ಕಿಲೋಮೀಟರ್ ಬಂದದ್ದು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಮ್ಮೆ ಬಿಳಿ ಲೈಟು ಹೊಡೆದರೆ ಮತ್ತೆ ಮೊದಲಿನಿಂದ ಶುರು. ಜೀಪಣ್ಣನವರ ಶಿಬಿರದಲ್ಲಿ ಲೈಟು ಆರಲೇ ಇಲ್ಲವಾದ್ದರಿಂದ ಮಕ್ಕಳು ಮೊಬೈಲಿನ ಆ್ಯಪ್ ತೆರೆದು, ಸಪ್ತರ್ಷಿಮಂಡಲ ಇರಬೇಕಾದ ದಿಕ್ಕಿಗೆ ಹಿಡಿದು, ಅದು ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡರು. ಮಳೆಗಾಲಕ್ಕೆ ಮುಂಚಿನ ದಿನಗಳು. ಆ ಸೀಮೆಯ ಮರಗಳಲ್ಲಿ ಮಿಂಚುಹುಳುಗಳು ಹೊತ್ತಿ ಆರುವ ಕಾಲ. ಗಂಡು ಮಿನುಗುವುದು ಹೆಣ್ಣಿಗೆ ಕಾಣಲೆಂದು. ಅವಕ್ಕೆ ಬಾಳಿನಲ್ಲಿ ಸಿಗುವುದು ಅಂಥ ಕೆಲವೇ ರಾತ್ರಿ. ಪಕ್ಕದಲ್ಲೇ ಕ್ರಿಕೆಟ್ ಸ್ಟೇಡಿಯಂ ಎದ್ದರೆ ಯಾವ ಹೆಣ್ಣು ಯಾವ ಗಂಡನ್ನು ಗುರುತಿಸೀತು? ಆ ರಾತ್ರಿ ಆ ಮರದಲ್ಲಿ ಎಷ್ಟು ಸಂಬಂಧಗಳು ಮುರಿದುಬಿದ್ದವೋ. ಬೇರೆ ಜಾತಿಯ ಹುಳುಗಳು ಮಾತ್ರ ಸಂಭ್ರಮದಿಂದ ಬಂದವು. ನೀಲಿ ಹೆಚ್ಚಿರುವ ತಣ್ಣನೆಯ ಬಿಳಿ ಬೆಳಕೆಂದರೆ ಅವಕ್ಕೆ ಮದುವೆಮನೆ. ಅರ್ಧ ಬಿಸಿಬೇಳೆಬಾತಿನಲ್ಲಿ ಬಿದ್ದವು, ಉಳಿದರ್ಧ ಮಗುವಿನ ಕಿವಿಗೆ ಹೋಗಲು ನೋಡಿದವು.

ಇದಕ್ಕೆಲ್ಲ ಬೇಕಾದದ್ದು ಎಷ್ಟು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಹಿಂಬಾಗಿಲಿನೊಳಗೆ 5 ವ್ಯಾಟಿನ, 3000 ಕೆಲ್ವಿನ್ ಆಸುಪಾಸಿನ ಹಳದಿ ಪಟ್ಟಿಯೊಂದು, ನೆಲದ ಕಡೆ ಮುಖ ಮಾಡಿ. ಹುಳ ಕಡಿಮೆ, ತರಕಾರಿ ಹೆಚ್ಚಲು ಸಾಕು. 60 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 720 ವ್ಯಾಟ್-ಅವರ್ ಇರುತ್ತದೆ. ಬೆಳಿಗ್ಗೆ ಗಾಡಿ ಎಬ್ಬಿಸಲು ಅರ್ಧ ಮುಟ್ಟದೆ ಬಿಟ್ಟರೂ ಅಂಥ ದೀಪ ಹತ್ತು ಗಂಟೆ ಉರಿದು 50 ವ್ಯಾಟ್-ಅವರ್ ತಿಂದೀತು. ಇದನ್ನು ಜೆ.ಸಿ. ರೋಡಿನಲ್ಲಿ ಕೇಳಿದ್ದರೆ ಹುಡುಗ ಡ್ರಾಯರಿನಿಂದ ತೆಗೆದು ಕೊಡುತ್ತಿದ್ದ. ಆದರೆ ಅದನ್ನು ಹಾಕಿಸಿಕೊಂಡವರ ಗಾಡಿಯನ್ನು ಬೇಸ್‌ಮೆಂಟಿನಲ್ಲಿ ಯಾರು ತಿರುಗಿ ನೋಡುತ್ತಾರೆ?

ಬೆಳಗಿನ ಜಾವ ಕೀ ತಿರುಗಿಸಿದರೆ ಟಿಕ್ ಟಿಕ್ ಎಂದಿತು, ಅಷ್ಟೇ. ಹಳೇ ಜೀಪೇ ಬಂದು ಕೇಬಲ್ ಕೊಟ್ಟು ಎಬ್ಬಿಸಬೇಕಾಯಿತು.

ಊರಿಗೆ ಬಂದ ಜೀಪಣ್ಣನವರು ಕಾರಣ ಹುಡುಕಿದರು. ಬ್ಯಾಟರಿ ಚಿಕ್ಕದು. ಅಂಗಡಿಯ ಹುಡುಗನ ಅಭಿಪ್ರಾಯವೂ ಅದೇ ಆಗಿತ್ತು. ಆದ್ದರಿಂದ ಎರಡನೇ ಬ್ಯಾಟರಿ, ಎರಡನ್ನೂ ಬೇರ್ಪಡಿಸುವ ಐಸೊಲೇಟರು, ಅದನ್ನು ಹಗಲಲ್ಲಿ ತುಂಬಿಸಲು ತಲೆಯ ಮೇಲೊಂದು ಸೋಲಾರ್ ಪ್ಯಾನೆಲ್ಲು. ಪ್ಯಾನೆಲ್ಲಿಗೆ ಲೈಟ್ ಬಾರ್ ಅಡ್ಡ ಬರುವುದರಿಂದ ಬಾರನ್ನು ಒಂದಡಿ ಮೇಲಕ್ಕೆ ಏರಿಸಿದ್ದಾರೆ. ಬೇಸ್‌ಮೆಂಟಿನ ಛಾವಣಿಗೆ ತಾಗುತ್ತದೆಂದು ಗಾಡಿ ಈಗ ರಸ್ತೆಯಲ್ಲೇ ನಿಲ್ಲುತ್ತದೆ. ಎರಡನೇ ಬ್ಯಾಟರಿಗೆ ಜಾಗ ಮಾಡಲು ಹಿಂದಿನ ಸೀಟು ತೆಗೆಸಬೇಕಾದ್ದರಿಂದ ಹೆಂಡತಿ ಮಕ್ಕಳು ಮುಂದಿನ ಸಲ ಇನ್ನೊಂದು ಕಾರಿನಲ್ಲಿ ಹಿಂದೆ ಬರುವುದೆಂದು ತೀರ್ಮಾನವಾಗಿದೆ. ಚೇಸ್ ಲೈಟಿನಿಂದ ಕಣ್ಣು ಕುಕ್ಕುತ್ತದೆ ಎಂದು ಅವರು ಈಗಲೇ ತಕರಾರು ತೆಗೆದಿದ್ದಾರೆ. ಅದಕ್ಕೆ ಆ ಕಾರಿಗೂ ಒಂದು ಬಾರ್ ಹಾಕಿಸುವ ಮಾತು ನಡೆದಿದೆ.